ಹದಿನೆಂಟನೆಯ ಸುಳಿ

ಹನ್ನೊಂದು ವರ್ಷ ನಾನು ಕಡಲು ಕಟ್ಟಿದೆ,
ಲೇವಾರ್ಡನ್ನಿನ ಮೂರನೇ ಮಹಡಿಯಲ್ಲಿ,
ಹೀಟರಿನ ಪಕ್ಕದ ಮೇಜಿನಲ್ಲಿ.
ನಲವತ್ತು ಲಕ್ಷ ಚೌಕ. ಒಂದೊಂದಕ್ಕೂ
ಅದರದೇ ಆಳ, ಅದರದೇ ಸೆಳೆತ,
ತಳದ ಮರಳು ಎಷ್ಟು ಒರಟೆಂಬ ಲೆಕ್ಕ.
ಯಂತ್ರವನ್ನು ನಂಬದೆ, ದೋಣಿಯಲ್ಲಿ ಕೂತು
ಗುಂಡು ಕಟ್ಟಿದ ಹಗ್ಗ ಇಳಿಬಿಟ್ಟು
ಅಳೆದದ್ದೂ ಉಂಟು.

ಶೌಕ್ಯೆ ಬಂದಳು. ಒದ್ದೆ ಸೈಕಲ್ಲನ್ನು
ಕಾರಿಡಾರಿಗೇ ತಂದು ನಿಲ್ಲಿಸುವವಳು.
"ವಿಟ್ಸೆ, ನಿಮ್ಮ ಕಡಲು ಸುಳ್ಳು ಹೇಳುವುದಿಲ್ಲ,
ಆದರೆ ಬಾಯಿ ತೆರೆಯಲು ಒಂಬತ್ತು ಗಂಟೆ.
ಉಬ್ಬರಕ್ಕೆ ಅಷ್ಟು ಪುರುಸೊತ್ತಿಲ್ಲ."

ಐನೂರು ಬಿರುಗಾಳಿಗಳನ್ನು ಅವಳು
ನನ್ನ ಕಡಲಿನ ಮೇಲೆ ಒಂದೊಂದಾಗಿ ಬಿಟ್ಟಳು,
ಗಂಟೆಗೊಂದು ಚಿತ್ರ ತೆಗೆದು, ಸಾಲಾಗಿ ನಿಲ್ಲಿಸಿ
ಕೇಳಿದಳು: ನೀರೇ, ನಿನ್ನ ಚಾಳಿಗಳೇನು?

ನೀರಿಗೂ ಚಾಳಿಗಳಿವೆ, ಮನುಷ್ಯರ ಹಾಗೆ,
ನಾವಂದುಕೊಂಡಷ್ಟು ಹೆಚ್ಚೇನಿಲ್ಲ.
ಮೊದಲನೆಯದು, ಇಡೀ ಕಡಲು ಒಮ್ಮೆಲೇ ಉಬ್ಬುವುದು,
ಉಕ್ಕುವ ಮುಂಚಿನ ಹಾಲಿನಂತೆ.
ಎರಡನೆಯದು, ಪಡುವಣದಿಂದ ಮೂಡಣಕ್ಕೆ ವಾಲುವುದು,
ಹುಷಾರಾಗಿ ನಡೆಯುವವನ ತಟ್ಟೆಯಲ್ಲಿ
ಸಾರು ವಾಲುವಂತೆ.
ಆಮೇಲೆ ದ್ವೀಪದ ಕಂಡಿಗಳಲ್ಲಿ ನುಗ್ಗುವುದು, ತಡವರಿಸುವುದು,
ಹೀಗೆ ಹದಿನೇಳು.
ಯಾವ ಬಿರುಗಾಳಿಯಾದರೂ
ಇದರದಿಷ್ಟು ಅದರದಷ್ಟು, ಬೆರೆಸಿದರೆ ಬಂತು.
ಹದಿನೇಳರಾಚೆ ಅವಳು ಗೆರೆ ಎಳೆದಳು.

ಆ ಗೆರೆಯ ಆಚೆ, ಮೊಟ್ಟಮೊದಲಿಗೆ,
ಓಸ್ಟರ್‌ಜೈಲಿನ ಹಳೆಯ ಕಟ್ಟೆಯ ಹಿಂದಿನ ಸುಳಿ ಇತ್ತು.
ಒಂದು ಕೋಣೆಯಷ್ಟು ಅಗಲ. ಅದನ್ನು ಹಿಡಿಯಲು
ನನಗೆ ಎರಡು ಚಳಿಗಾಲ ಹಿಡಿದಿತ್ತು.
ವಾರವಿಡೀ ಜಗಳವಾಡಿದೆ.
ಚಿಕ್ಕದೆಂದರೆ ಇಲ್ಲವೆಂದಲ್ಲ, ಅಂದೆ.
ಇಲ್ಲವೆನ್ನುತ್ತಿಲ್ಲ, ಅವಸರದ ರಾತ್ರಿಗೆ ಬೇಡವೆನ್ನುತ್ತೇನೆ, ಅಂದಳು.
ಆ ಮಾತು ಒಗ್ಗಲಿಲ್ಲ. ಇಂದಿಗೂ ಅರ್ಧವೇ ಒಗ್ಗಿದೆ.

ಜನವರಿ ಹದಿಮೂರು. ವಾಯವ್ಯದ ಗಾಳಿ.
ನಡುರಾತ್ರಿ ಎರಡಕ್ಕೆ ತೂಬಿನ ರೊಮ್ಕೆಯ ಫೋನು:
ಬಾಗಿಲು ಹಾಕಲೋ ಬೇಡವೋ?
ಹನ್ನೆರಡು ಸಿಗಡಿ ದೋಣಿ ಇನ್ನೂ ಬಂದಿಲ್ಲ.
ಹಾಕಿದರೆ ಅವು ಹೊರಗೆ,
ಹಾಕದಿದ್ದರೆ ಕಡಲು ಒಳಗೆ.
ನನ್ನದು ಆಗಷ್ಟೇ ಹೊರಟಿತ್ತು,
ನಿನ್ನೆ ಸಂಜೆಯ ಏಳರಲ್ಲೇ ಇತ್ತು,
ಒಂದೊಂದೇ ಚೌಕಕ್ಕೆ ನ್ಯಾಯ ಸಲ್ಲಿಸುತ್ತ.
ಶೌಕ್ಯೆಯ ಹದಿನೇಳು,
ಕಾಫಿ ಯಂತ್ರ ಲೋಟ ತುಂಬುವ ಮೊದಲೇ ಹೇಳಿತು:
ಐದು ಹತ್ತಕ್ಕೆ ಮೂರು ಮೀಟರ್ ನಲವತ್ತು.
ನಾಲ್ಕರವರೆಗೆ ಕಾಯಬಹುದು.

ರೊಮ್ಕೆ ಕಾದ. ದೋಣಿಗಳು ಬಂದವು, ಹನ್ನೆರಡೂ,
ಕೊನೆಯದು ಮೂರು ಐವತ್ತೆರಡಕ್ಕೆ,
ದೀಪವೂ ಇಲ್ಲದೆ. ಬಾಗಿಲು ಬಿತ್ತು.
ನಿಜದ ನೀರು ಅವಳ ಲೆಕ್ಕಕ್ಕಿಂತ
ಆರು ಸೆಂಟಿಮೀಟರ್ ಮೇಲೇರಿ
ಉಕ್ಕನ್ನು ಮುಟ್ಟಿತು, ನಿಂತಿತು, ಇಳಿಯಿತು.

ಬೆಳಿಗ್ಗೆ ಹನ್ನೊಂದಕ್ಕೆ ನನ್ನ ಕಡಲು ಉತ್ತರ ಕೊಟ್ಟಿತು.
ಎರಡೇ ಸೆಂಟಿಮೀಟರ್ ತಪ್ಪು. ಅಷ್ಟು ಚೆಂದದ ಸತ್ಯ!
ಕೇಳಲು ಅಲ್ಲಿ ಇದ್ದದ್ದು ನಾನು,
ಮತ್ತೆ ನೆಲ ಒರೆಸುವ ಹುಡುಗ.

ಮಧ್ಯಾಹ್ನ ಬಸ್ಸು ಹಿಡಿದು ಓಸ್ಟರ್‌ಜೈಲಿಗೆ ಹೋದೆ.
ಕಟ್ಟೆಯ ಹಿಂದೆ ಅದು ಇತ್ತು,
ನಾನು ಬರೆದ ಜಾಗದಲ್ಲೇ,
ಹಳದಿ ಬಾಟಲಿ ಮುಚ್ಚಳವೊಂದನ್ನು ಸುತ್ತಿಸುತ್ತ,
ಕಂಬದ ಬುಡದ ಮರಳನ್ನು
ಚಮಚ ಚಮಚವಾಗಿ ತೆಗೆಯುತ್ತ.
ಕಂಬಕ್ಕೆ ಕೈಹಚ್ಚಿ ಅಲುಗಿಸಿದೆ. ತುಸು ಅಲುಗಿತು.
ಶೌಕ್ಯೆಗೆ ಒಂದೇ ಪದ ಕಳಿಸಿದೆ: ಹದಿನೆಂಟು.
ಸೇರಿಸಿದರೆ ನಾಲ್ಕು ಸೆಕೆಂಡು ಹೆಚ್ಚು, ಎಂದು ಬರೆದಳು.
ಸ್ವಲ್ಪ ಹೊತ್ತಿಗೆ ಮತ್ತೆ: ಸೋಮವಾರ ನೋಡೋಣ.

ಮನೆಯಲ್ಲಿ ಗೇರ್ಟ್ಯೆ ಕೇಳಿದಳು, ರಾತ್ರಿ ಹೇಗಿತ್ತು?
ನಲವತ್ತು ಲಕ್ಷ ಚೌಕ, ಹನ್ನೆರಡು ದೋಣಿ,
ದೀಪವಿಲ್ಲದೆ ಬಂದ ಆ ಕೊನೆಯದು
ಎಲ್ಲ ಒಟ್ಟಿಗೇ ಬಾಯಿಗೆ ಬಂದು ಇಕ್ಕಟ್ಟಾಯಿತು.
ನೀರು ಬಂತು, ಅಂದೆ. ಹೋಯ್ತು.
ಅವಳು ತಲೆಯಾಡಿಸಿ
ಬ್ರೆಡ್ಡಿಗೆ ಬೆಣ್ಣೆ ಹಚ್ಚಿದಳು.